ಗಂಜಿ, ಕಲಗಚ್ಚು, ಒಂದು ಕರೀ ಕೋಟು

ಡಿಗ್ರಿ ಎರಡನೇ ವರ್ಷದ ಪ್ರಾಕ್ಟಿಕಲ್ ಪರೀಕ್ಷೇಲಿ, ಬೇರೆ ಕಾಲೇಜಿಂದ ಬಂದಿದ್ದ ಮೇಷ್ಟ್ರು ನನ್ನನ್ನ ಕೇಳಿದ್ದು ಒಂದೇ ಪ್ರಶ್ನೆ.

"ಹಾಲು ಏನಪ್ಪಾ? ಸಸ್ಪೆನ್ಷನ್ನಾ, ಕೊಲಾಯ್ಡಾ?"

ನಾನು ಕಣ್ಣು ಮುಚ್ಚಿ ಯೋಚ್ನೆ ಮಾಡಿ, "ನಮ್ಮನೆಗೆ ಬರೋ ಹಾಲಾ ಸರ್? ಅದು ಹೆಚ್ಚುಕಮ್ಮಿ ನೀರು," ಅಂದೆ.

ಪಕ್ಕದಲ್ಲಿ ನಿಂತಿದ್ದ ನಮ್ಮ ಮೇಷ್ಟ್ರು ಕಿಟಕಿ ಕಡೆ ತಿರುಗಿಕೊಂಡ್ಬುಟ್ರು. ನಾನು ತಮ್ಮ ಕ್ಲಾಸಿನ ಹುಡುಗ ಅನ್ನೋದನ್ನ ಆ ಕಿಟಕಿ ಮರೆಸುತ್ತೆ ಅನ್ನೋ ಥರ. ಕೆಮಿಸ್ಟ್ರಿ ಬಾಕಿ ಉಳೀತು. ಮನೇಲಿ ಮಾನ ಹೋಯ್ತು. ಹೋಗಕ್ಕೆ ಅಷ್ಟೊಂದೇನೂ ಇರ್ಲಿಲ್ಲ ಬಿಡಿ.

ನಮ್ಮ ಮೇಷ್ಟ್ರು ಪಾಪ ಎಷ್ಟು ಸುಲಭವಾಗಿ ಹೇಳ್ಕೊಟ್ಟಿದ್ರು. "ನೋಡಿ, ಇದಕ್ಕೆ ಬುದ್ಧಿ ಬೇಕಾಗಿಲ್ಲ. ಪಾತ್ರೇಲಿ ಹಾಕಿ ಸುಮ್ನೆ ಕೂತ್ಕೊಳ್ಳಿ. ಸ್ವಲ್ಪ ಹೊತ್ತಿಗೆ ತಳಕ್ಕೆ ಕೂತ್ರೆ ಅದು ಸಸ್ಪೆನ್ಷನ್. ಕೂರದೇ ಹಾಗೇ ಇದ್ರೆ ಕೊಲಾಯ್ಡ್. ಕೆಸರು ನೀರು ಕೂರುತ್ತೆ, ಹಾಲು ಕೂರಲ್ಲ. ಸುಣ್ಣದ ನೀರು ಕೂರುತ್ತೆ, ಗಂಜಿ ಕೂರಲ್ಲ. ಬೇಕಾಗಿರೋದು ತಾಳ್ಮೆ ಒಂದೇ." ಬುದ್ಧಿ ಬೇಕು ಅಂದಿದ್ರೆ ಯಾರ ಹತ್ರನಾದ್ರೂ ಕೇಳಿ ತರಬಹುದಿತ್ತು. ತಾಳ್ಮೆ ಎಲ್ಲಿಂದ ತರೋದು? ಅಪ್ಪನ ಹೊಟ್ಟೆ ಉರಿಗೆ ಒಂದು ಗುಲಾಬಿ ಔಷಧಿ ಇತ್ತು, ಬಾಟ್ಲಿ ಮೇಲೆ 'ಚೆನ್ನಾಗಿ ಕುಲುಕಿ' ಅಂತ ಬರೆದಿರುತ್ತಲ್ಲ, ಅದು. ಅದನ್ನ ಅಪ್ಪನಿಗೆ ಬಗ್ಗಿಸಿ ಕೊಡೋ ಕೆಲಸ ನಂದು. ಕುಲುಕೋಷ್ಟು ಪುರುಸೊತ್ತು ನನಗೆಲ್ಲಿತ್ತು? ಮೊದಮೊದಲು ಅಪ್ಪ ಗುಲಾಬಿ ನೀರು ಕುಡಿದ್ರು, ಕೊನೇಗೆ ಸೀಮೆಸುಣ್ಣ ತಿಂದ್ರು. ಹೊಟ್ಟೆ ಉರಿ ಹೋಗ್ಲಿಲ್ಲ. ಮಗನೇ ಕಾರಣ ಇರಬಹುದು ಅಂತ ಡಾಕ್ಟ್ರೂ ಅಂದಿದ್ರಂತೆ.

ಇಷ್ಟೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಆ ವರ್ಷ ದಸರಾಕ್ಕೆ ನಾವು ಮನೆ ಖಾಲಿ ಮಾಡೋ ಹಂತಕ್ಕೆ ಬಂದಿದ್ವಿ. ತೊಂಬತ್ತರ ದಶಕ ಮುಗೀತಾ ಬಂದಿತ್ತು. ಬನ್ನಿಮಂಟಪದ ಹತ್ರ ಒಂದು ಹಳೇ ಮನೆಯ ಅರ್ಧ ಭಾಗದಲ್ಲಿ ನಾವು ಬಾಡಿಗೆಗಿದ್ವಿ. ಅಪ್ಪ ಮೇಟಗಳ್ಳಿ ಕಡೆ ಫ್ಯಾಕ್ಟರೀಲಿ ಶಿಫ್ಟು, ಅಮ್ಮ, ಅಜ್ಜಿ, ಅಕ್ಕ, ಆಮೇಲೆ ನಾನು ಅನ್ನೋ ಖರ್ಚು. ಇನ್ನರ್ಧದಲ್ಲಿ ಓನರಮ್ಮ. ಹಣೆ ತುಂಬ ವಿಭೂತಿ, ಕೊಟ್ಟಿಗೇಲಿ ಒಂದು ಹಸು, ಮದುವೆ ಗೊತ್ತಾಗಿದ್ದ ಒಬ್ಬಳೇ ಮಗಳು. ಯಜಮಾನ್ರು ತೀರಿಕೊಂಡಿದ್ರು. ಮೇಲೆ ಹೇಳಿದ ಹಾಲು ಕೊಡ್ತಿದ್ದಿದ್ದೂ ಅವರೇ. ಪರೀಕ್ಷೇಲಿ ನಾನು ಹೇಳಿದ ಮಾತು ಅವರ ಕಿವಿಗೆ ಬೀಳಲಿಲ್ಲ ಅನ್ನೋದು ನನ್ನ ಪುಣ್ಯ.

ಎರಡು ಮನೆಗೂ ಸೇರಿ ಮುಂದೆ ಒಂದೇ ಉದ್ದ ಜಗಲಿ. ಪ್ರತಿ ದಸರಾಕ್ಕೆ ಜಗಲಿಗೆ ಸುಣ್ಣ ಹೊಡೆಸೋದು ಬಾಡಿಗೆಯವರ ಜವಾಬ್ದಾರಿ ಅಂತ ಮೊದಲೇ ಮಾತಾಗಿತ್ತು. ಅಪ್ಪ ಹೋದ ವರ್ಷ 'ಬರೋ ವರ್ಷ' ಅಂದಿದ್ರು. ಅದರ ಹಿಂದಿನ ವರ್ಷವೂ ಅದನ್ನೇ ಅಂದಿದ್ರು. ಗೋಡೆ ತುಂಬ ನನ್ನ ಕ್ರಿಕೆಟ್ ಚೆಂಡಿನ ಗುಂಡು ಗುಂಡು ಮುದ್ರೆ, ಮಧ್ಯೆ ನಮ್ಮ ಸೀಮೆಎಣ್ಣೆ ಸ್ಟವ್ವಿನ ಮಸಿ.

ನವರಾತ್ರಿ ಶುರುವಾಗಿತ್ತು. ಒಳಗೆ ಅಜ್ಜಿ ಗೊಂಬೆ ಕೂರ್ಸಿದ್ರು. ಓನರಮ್ಮ ಬಂದು ಬಾಗಿಲಲ್ಲಿ ನಿಂತು ಹೇಳಿದ್ರು.

"ರಾಯರೇ, ವಿಜಯದಶಮಿಗೆ ನಮ್ಮ ಬೀಗರು ಮೊದಲ್ನೇ ಸಲ ಮನೆಗೆ ಬರ್ತಾವ್ರೆ. ಜಂಬೂಸವಾರಿ ನೋಡಕ್ಕೆ. ಅಷ್ಟೊತ್ತಿಗೆ ಜಗಲಿ ಬೆಳ್ಳಗಿರ್ಬೇಕು. ಇಲ್ಲಾಂದ್ರೆ ಬೇಜಾರ್ ಮಾಡ್ಕೋಬ್ಯಾಡಿ, ದೀಪಾವಳಿಗೆ ಬೇರೆ ಮನೆ ನೋಡ್ಕೊಂಡ್ಬುಡಿ. ನಮ್ಮಣ್ಣನ ಮಗನೂ ಮನೆ ಹುಡುಕ್ತಾವ್ನೆ."

ಅವರು ಹೋದ್ರು. ಅಜ್ಜಿ ಗೊಂಬೆಗಳನ್ನ ಒಂದೊಂದೇ ನೋಡ್ತಾ ಇದ್ರು. ಅಜ್ಜಿಗೆ ಮಂಡಿ ನೋವು, ಮೆಟ್ಟಿಲು ಹತ್ತಕ್ಕಾಗಲ್ಲ. ಈ ಮನೇಲಿ ಎಲ್ಲ ಒಂದೇ ನೆಲ. ಅಷ್ಟೇ ಅಲ್ಲ, ಆನೆ ಬನ್ನಿಮಂಟಪ ಮುಟ್ಟೋ ಹೊತ್ತಿನ ಬ್ಯಾಂಡಿನ ಸದ್ದು ಅವರು ಕೂತ ಜಾಗಕ್ಕೇ ಬರ್ತಿತ್ತು. ಹೊರಗೆ ಹೋಗಲಾಗದೇ ಇದ್ದ ಮೇಲೆ ಅಜ್ಜಿಗೆ ಅದೇ ದಸರಾ.

"ಪೇಂಟರ್‌ಗೆ ಹೇಳ್ಕಳ್ಸಿ," ಅಂದ್ರು ಅಮ್ಮ.

ಮೊದಲೆಲ್ಲ ರಾಜೀವನಗರದಿಂದ ಬರ್ತಿದ್ದ ಪೇಂಟರ್ ಆ ವಾರ ಸಿಗೋ ಆಸಾಮಿನೇ ಅಲ್ಲ. ದಸರಾ ಟೈಮಲ್ಲಿ ಮೈಸೂರಲ್ಲಿ ಕುಂಚ ಹಿಡಿಯೋ ಕೈ ಒಂದೂ ಖಾಲಿ ಇರಲ್ಲ. ಫುಟ್‌ಪಾತ್ ಅಂಚಿಗೆ ಕಪ್ಪು ಬಿಳುಪು ಬಳಿಯೋರು, ಕಾಂಪೌಂಡಿಗೆ ಬಳಿಯೋರು, ನಿಂತ ಮರಕ್ಕೆ ಬಳಿಯೋರು. ಸುಮ್ನೆ ನಿಂತ್ರೆ ನಮಗೂ ಬಳಿದ್ಬುಡ್ತಾರೆ.

"ನಾನು ಹೊಡೀತೀನಿ," ಅಂದೆ.

ಅಕ್ಕ ನಕ್ಕಳು. "ಏನು ಹೊಡೀತೀಯಾ? ಮಾತಾ?"

"ಸುಣ್ಣ ಅಂದ್ರೆ ಸಸ್ಪೆನ್ಷನ್ ಕಣೇ. ಅದರ ಬಗ್ಗೆ ನಾನು ಓದಿದೀನಿ."

"ಓದಿ ಫೇಲಾಗಿದೀಯಾ."

"ಫೇಲಾಗಕ್ಕೂ ಓದಿರ್ಬೇಕು."

ಅಪ್ಪನಿಗೆ ಬೇರೆ ದಾರಿ ಇರ್ಲಿಲ್ಲ. "ಗೋಡೆಗೆ ಮಾತ್ರ ಹೊಡಿ," ಅಂದು ಶಿಫ್ಟಿಗೆ ಹೋದ್ರು. ಅದು ಬುದ್ಧಿಮಾತೋ ಪ್ರಾರ್ಥನೆಯೋ ಇವತ್ತಿಗೂ ಗೊತ್ತಿಲ್ಲ.

ಸುಣ್ಣದ ಕಲ್ಲು ತಂದು ಹಳೇ ಡ್ರಮ್ಮಿಗೆ ಹಾಕಿ ನೀರು ಹುಯ್ದೆ. ಕೊತಕೊತ ಕುದಿಯಕ್ಕೆ ಶುರುವಾಯ್ತು. ಒಲೆ ಇಲ್ಲದೇ ಕುದಿಯೋದನ್ನ ನೋಡಿ ನಾನೇ ಮಂತ್ರ ಹಾಕ್ದೋನ ಥರ ಸೊಂಟದ ಮೇಲೆ ಕೈ ಇಟ್ಕೊಂಡು ನಿಂತಿದ್ದೆ. ಒಂದು ಹನಿ ಹಾರಿ ಕೈ ಮೇಲೆ ಬಿತ್ತು. ಮಾಂತ್ರಿಕ ಅಮ್ಮಾ ಅಂದ್ಕೊಂಡು ನಲ್ಲಿಗೆ ಓಡಿದ.

ಬರೀ ಸುಣ್ಣ ಗೋಡೆಗೆ ನಿಲ್ಲಲ್ಲ, ಒಣಗಿದ ಮೇಲೆ ಪುಡಿಪುಡಿ ಉದುರುತ್ತೆ, ಅಂಟು ಬೇಕು. ಇಷ್ಟು ನನಗೂ ಗೊತ್ತಿತ್ತು. ಪೇಂಟರ್ ಬೆಲ್ಲದಚ್ಚಿನ ಥರದ ಕಂದು ಅಂಟಿನ ತುಂಡು ಕಾಯ್ಸಿ ಹಾಕ್ತಿದ್ದ. ನಾನೂ ಅಂಗಡಿಯಿಂದ ಅದನ್ನೇ ತಂದೆ. ತಂದೋನು ಸುಮ್ನಿರಬೇಕಿತ್ತು. ಜಾಣತನ ತೋರ್ಸಕ್ಕೆ ಹೋಗಿ ಅಜ್ಜಿ ಮುಂದೆ ಪಾಠ ಶುರು ಮಾಡ್ದೆ.

"ಅಜ್ಜಿ, ಇದೂ ಕೊಲಾಯ್ಡೇ. ದನದ ಚರ್ಮ, ಮೂಳೆ ಎಲ್ಲ ಬೇಯ್ಸಿ ಮಾಡ್ತಾರೆ."

ಅಜ್ಜಿ ಕೈಲಿದ್ದ ಹೂವು ಕೆಳಗಿಟ್ರು. "ಇಷ್ಟು ವರ್ಷ ಆ ಪೇಂಟರ್ ಹಾಕ್ತಿದ್ದಿದ್ದು ಇದೇನಾ?"

"ಹೂಂ ಅಜ್ಜಿ."

"ಅವ್ನು ಹೇಳಿರ್ಲಿಲ್ಲ, ನಾನು ಕೇಳಿರ್ಲಿಲ್ಲ, ಚೆನ್ನಾಗಿತ್ತು. ನೀನ್ಯಾಕೋ ಹೇಳ್ದೆ? ಗೊಂಬೆ ಕೂರ್ಸಿರೋ ಮನೆ. ಆಚೆ ತಗೊಂಡ್ಹೋಗು ಅದನ್ನ."

ಜಗಲಿ ಆ ಕಡೆಯಿಂದ ಓನರಮ್ಮನೂ ಕೇಳಿಸ್ಕೊಂಡ್ರು. "ನಮ್ಗೂ ಬ್ಯಾಡ ಕಣಪ್ಪಾ. ಲಿಂಗ ಕಟ್ಟಿರೋ ಮನೆ ಗೋಡೆಗೆ ಅದನ್ನ ಎಂಗೆ ಬಳಿಯೋದು?"

ಬೇರೆ ಬೇರೆ ಮಠದ ಇಬ್ರೂ ಹಿರಿಯರು ಒಂದೇ ಮಾತಿಗೆ ಒಪ್ಪಿದ್ದು ನಾನು ನೋಡಿದ ಹಾಗೆ ಅದೇ ಮೊದಲು. ನನ್ನ ವಿಜ್ಞಾನದಿಂದ ಅಷ್ಟಾದ್ರೂ ಆಯ್ತು.

"ಗಂಜಿ ಹಾಕು," ಅಂದ್ರು ಅಜ್ಜಿ. "ನಮ್ಮ ಕಾಲದಲ್ಲಿ ಗಂಜಿ, ಒಂದು ಹಿಡಿ ಉಪ್ಪು. ಕೈಲಿ ಉಜ್ಜಿದ್ರೂ ಬರ್ತಿರ್ಲಿಲ್ಲ."

ಕುಕ್ಕರ್ ಬಂದ ಮೇಲೆ ನಮ್ಮನೇಲಿ ಗಂಜಿ ಬಸಿಯೋದೇ ನಿಂತುಹೋಗಿತ್ತು. ನನಗೋಸ್ಕರ ಅಮ್ಮ ದೊಡ್ಡ ಪಾತ್ರೇಲಿ ಅನ್ನ ಮಾಡಿ, ಮಂದವಾಗಿ ಬಸಿದು, "ಹಿತ್ತಲಲ್ಲಿ ಒಗೆಯೋ ಕಲ್ಲಿನ ಹತ್ರ ಆರಕ್ಕೆ ಇಟ್ಟಿದೀನಿ, ತಗೋ," ಅಂದ್ರು.

ಹೋಗಿ ನೋಡಿದ್ರೆ ಒಗೆಯೋ ಕಲ್ಲಿನ ಹತ್ರ ಎರಡು ಅಲ್ಯೂಮಿನಿಯಂ ಪಾತ್ರೆ. ಎರಡ್ರಲ್ಲೂ ಬೆಳ್ಳಗೆ ಮಬ್ಬು ನೀರು. ಒಂದಕ್ಕೆ ತಟ್ಟೆ ಮುಚ್ಚಿತ್ತು, ಇನ್ನೊಂದು ತೆರೆದಿತ್ತು. ತಟ್ಟೆ ಎತ್ತೋ ಕಷ್ಟ ಯಾಕೆ ಅಂತ ತೆರೆದಿದ್ದನ್ನೇ ತಗೊಂಡೆ. ಒಂದೆರಡು ಹುರುಳೀಕಾಯಿ ತೊಟ್ಟು ತೇಲ್ತಿತ್ತು. ಅಮ್ಮ ಪಲ್ಯಕ್ಕೆ ಹೆಚ್ಚಿದ ಕೈಲೇ ಬಸಿದಿರ್ಬೇಕು ಅಂದ್ಕೊಂಡೆ. ತಳದಲ್ಲಿ ಸ್ವಲ್ಪ ಬೂಸಾ ಥರ ಕಂಡಿತು. ಅಕ್ಕಿ ಚೆನ್ನಾಗಿಲ್ಲ, ಅಪ್ಪನಿಗೆ ಅಂಗಡಿ ಬದಲಾಯ್ಸಕ್ಕೆ ಹೇಳ್ಬೇಕು ಅಂದ್ಕೊಂಡೆ. ಅನುಮಾನ ಪಡೋ ಬುದ್ಧಿಯನ್ನೆಲ್ಲ ನಾನು ಅಕ್ಕಿ ಅಂಗಡಿಯವನ ಮೇಲೇ ಖರ್ಚು ಮಾಡ್ಬುಟ್ಟೆ. ಹಳೇ ಪಂಚೇಲಿ ಸೋಸಿ, ಡ್ರಮ್ಮಿಗೆ ಸುರಿದು, ಅಜ್ಜಿ ಹೇಳಿದ ಹಿಡಿ ಉಪ್ಪಿಗೆ ಇನ್ನೊಂದು ಹಿಡಿ ಸೇರ್ಸಿದೆ. ಬಿಳಿ ಎದ್ದು ಕಾಣ್ಲಿ ಅಂತ ನೀಲಿ ಹಾಕ್ತಾರಲ್ಲ, ಅದನ್ನ ಬಟ್ಟೇಲಿ ಕಟ್ಟಿ ಹಿಂಡ್ಬೇಕು. ನಾನು ಪ್ಯಾಕೆಟ್ ಕೊಡವಿದೆ.

ಆ ತೆರೆದ ಪಾತ್ರೇಲಿ ಇದ್ದಿದ್ದು ಕಲಗಚ್ಚು. ಅಕ್ಕಿ ತೊಳೆದ ನೀರು, ತರಕಾರಿ ತೊಟ್ಟು, ಒಂದು ಹಿಡಿ ಬೂಸಾ. ಓನರಮ್ಮನ ಹಸುವಿಗೆ ಅಂತ ನಮ್ಮಮ್ಮನೇ ದಿನಾ ಎತ್ತಿಡ್ತಿದ್ದಿದ್ದು. ಎರಡು ನಿಮಿಷ ಸುಮ್ನೆ ಕೂತು ನೋಡಿದ್ರೆ ಸಾಕಿತ್ತು. ಕಲಗಚ್ಚು ತಳಕ್ಕೆ ಕೂರುತ್ತೆ, ಗಂಜಿ ಕೂರಲ್ಲ. ಪರೀಕ್ಷೇಲಿ ಕೇಳಿದ ಪ್ರಶ್ನೆ ಮನೆ ಹಿತ್ತಲಿಗೇ ಬಂದು ಎರಡು ಪಾತ್ರೇಲಿ ಕೂತಿತ್ತು. ನಾನು ಅಲ್ಲೂ ಫೇಲಾದೆ. ಆದ್ರೆ ಇದು ಆಗ ನನಗೆ ಗೊತ್ತಿಲ್ಲ. ಆಗ ನಾನು ಸಿನಿಮಾ ಹಾಡು ಗುನುಗ್ತಾ ಏಣಿ ಹತ್ತಿದ್ದೆ.

ಸುಣ್ಣ ಹೊಡೆಯೋನು ಕುಂಚ ಅದ್ದೋ ಮುಂಚೆ ಪ್ರತಿ ಸಲ ಕದಡ್ಬೇಕು. ಎದುರು ಮನೆ ಟೀವಿಲಿ ಕ್ರಿಕೆಟ್ ಬರ್ತಿತ್ತು, ಏಣಿ ಮೇಲಿಂದ ಸ್ಕೋರ್ ಕಾಣ್ತಿತ್ತು, ನಾನು ಕದಡ್ಲಿಲ್ಲ. ಮೊದಲು ಜಗಲಿ ಉದ್ದಕ್ಕೂ ಮೇಲ್ಭಾಗ ಮುಗಿಸ್ದೆ. ಊಟ ಮಾಡ್ಕೊಂಡು ಬಂದು ಕೆಳಭಾಗ. ಅಷ್ಟೊತ್ತಿಗೆ ನೀಲಿಯೆಲ್ಲ ಡ್ರಮ್ ತಳ ಸೇರಿತ್ತು. ಹಸಿ ಇದ್ದಾಗ ಸುಣ್ಣ ಏನೂ ಹೇಳಲ್ಲ, ಗೋಡೆ ಸುಮ್ನೆ ನೆಂದ ಹಾಗಿರುತ್ತೆ. ಒಣಗ್ತಾ ಒಣಗ್ತಾ ಬಾಯಿ ಬಿಡುತ್ತೆ. ಆಯುಧ ಪೂಜೆ ಬೆಳಿಗ್ಗೆ ಎದ್ದು ನೋಡಿದ್ರೆ ಗೋಡೆಯ ಮೇಲರ್ಧ ಹಾಲಿನಂಗೆ ಬಿಳಿ, ಕೆಳಗರ್ಧ ಸ್ಕೂಲ್ ಯೂನಿಫಾರ್ಮಿನ ಥರ ನೀಲಿ.

ಓನರಮ್ಮ ಹಾಲಿನ ಚೆಂಬು ಹಿಡ್ಕೊಂಡು ನಿಂತೇಬುಟ್ರು. ನಾನು ಕುಂಚನ ಬೆನ್ನ ಹಿಂದೆ ಬಚ್ಚಿಟ್ಟೆ.

"ಡಬಲ್ ಕಲರ್ ಹೊಡ್ದಿದ್ದೀಯಾ, ಮರಿ?"

"ಹೌದು ಆಂಟಿ. ಈಗ ಇದೇ ನಡೀತಿರೋದು."

ಅವರು ಆ ಕಡೆಯಿಂದ ಈ ಕಡೆವರೆಗೂ ನೋಡಿದ್ರು. "ಪರವಾಗಿಲ್ವೇ. ಬ್ಯಾಂಕಿನ ಥರ ಕಾಣ್ತದೆ." ಆಮೇಲೆ ಅಪ್ಪನ ಕಡೆ ತಿರುಗಿ, "ಮಗ ಕೆಲಸಕ್ಕೆ ಬರ್ತಾನೆ ಕಣ್ರೀ," ಅಂದ್ರು.

ಅಪ್ಪ ನನ್ನನ್ನ ನೋಡಿದ ರೀತಿ ಇದೆಯಲ್ಲ, ಆಸ್ಪತ್ರೇಲಿ ಮಗು ಬದಲಾಗಿದೆ ಅಂತ ಇಷ್ಟು ವರ್ಷ ಇದ್ದ ಅನುಮಾನ ಆ ಕ್ಷಣಕ್ಕೆ ಬಿಟ್ಟಂಗಿತ್ತು. ಅಮ್ಮ ಕುಂಚಕ್ಕೂ ಕುಂಕುಮ ಹಚ್ಚಿ ಆಯುಧ ಪೂಜೆ ಮಾಡಿದ್ರು. ಮಧ್ಯಾಹ್ನದವರೆಗೆ ನಾನು ಬೀದೀಲಿ ತಲೆ ಎತ್ತಿ ಓಡಾಡಿದೆ.

ಮಧ್ಯಾಹ್ನ ಹಸು ಬಂತು.

ಪೂಜೆಗೆ ಮೈ ತೊಳೆದು, ಕೊಂಬಿಗೆ ಹೂ ಸುತ್ತಿ ಬಿಟ್ಟಿದ್ರು. ಅದು ನೇರ ಜಗಲಿ ಹತ್ರ ಬಂದು, ಗೋಡೆ ಮೂಸಿ, ನಾಲಿಗೆ ಉದ್ದಕ್ಕೆ ಚಾಚಿ ಒಂದು ಎಳೆತ ನೆಕ್ಕಿತು. ನೀಲಿ ಹೋಗಿ ಹಳೇ ಮಸಿ ಹೊರಗೆ ಬಂತು. ಇನ್ನೊಂದು ಎಳೆತ. ನನ್ನ ಚೆಂಡಿನ ಮುದ್ರೆ ಎದ್ದು ಬಂತು. ನಾನು ಓಡಿ ಅದರ ಮೂತಿ ತಳ್ಳಿದೆ. ಅದು ನನ್ನ ಮುಖ ನೋಡಿತು. ಹಿಂದಿನ ದಿನ ತನ್ನ ಕಲಗಚ್ಚು ಯಾರು ಕದ್ದಿದ್ದು ಅಂತ ಅದಕ್ಕೆ ಗೊತ್ತಾಗಿತ್ತು. ಊಟ ಗೋಡೆ ಮೇಲೆ ಬಡಿಸಿದ್ದಾರೆ ಅಂತಲೂ ಗೊತ್ತಾಗಿತ್ತು. ಉಪ್ಪು ಬೇರೆ ಹದವಾಗಿ ಹಾಕಿದ್ದೆ.

ಅದೇ ಹೊತ್ತಿಗೆ ಹಿತ್ತಲಿಂದ ಅಮ್ಮ ತಟ್ಟೆ ಮುಚ್ಚಿದ ಪಾತ್ರೆ ಹಿಡ್ಕೊಂಡು ಬಂದ್ರು. "ಗಂಜಿ ಇಲ್ಲೇ ಇದ್ಯಲ್ಲೋ. ಹಾಗಾದ್ರೆ ನೀನು ಹಾಕಿದ್ದೇನು?"

ನೋಡಿದೆ. ಗಂಜಿ ಮೇಲೆ ಕೆನೆಗಟ್ಟಿ, ಒಳಗೆ ಹಲ್ವದ ಥರ ನಿಂತಿತ್ತು. ಒಂದು ಚೂರೂ ತಳಕ್ಕೆ ಕೂತಿರ್ಲಿಲ್ಲ. ಅಪ್ಪಟ ಕೊಲಾಯ್ಡು. ನಮ್ಮ ಮೇಷ್ಟ್ರು ನೋಡಿದ್ರೆ ಕಣ್ಣಲ್ಲಿ ನೀರು ಹಾಕ್ತಿದ್ರು.

ಅಕ್ಕ ಗೋಡೆ ಮೇಲೆ ಬೆರಳಾಡಿಸಿದಳು. ಬೆರಳು ಬೆಳ್ಳಗಾಯ್ತು. ಆ ಬೆರಳಲ್ಲಿ ನನ್ನ ಹಣೆಗೆ ಮೂರು ಗೀಟು ಎಳೆದು, "ಓನರಮ್ಮನ ಜಾತಿಗೆ ಸೇರ್ಕೊ. ಮನೆ ಬಿಡ್ಸಲ್ವೇನೋ," ಅಂದಳು.

"ಮೇಲೆ ಗಂಜಿ ಬಳಿದ್ಬುಟ್ರೆ?" ಅಂದೆ. ಯಾರೂ ಬೇಡ ಅನ್ನೋ ಮುಂಚೆ ಕುಂಚ ಅದ್ದಿ ಒಂದು ಕಡೆ ಬಳಿದೂ ಬುಟ್ಟೆ. ಕುಂಚ ಗಂಜಿಯನ್ನ ಗೋಡೆಗೆ ಕೊಡೋ ಬದಲು ಗೋಡೆಯ ಸುಣ್ಣವನ್ನೇ ಕಿತ್ತುಕೊಂಡು ಬಂತು. ಈಗ ಒಂದು ಬಾಗಿಲಷ್ಟು ಅಗಲ ಮಸಿ. ಅದರ ಮೇಲೆ ಶಿವನ ಕ್ಯಾಲೆಂಡರ್ ನೇತು ಹಾಕಿದ್ವಿ. ಸಾಲಲಿಲ್ಲ. ಪಕ್ಕದಲ್ಲಿ ಪಾರ್ವತಿ, ಗಣಪತಿ, ಹಸು ನೆಕ್ಕಿದ ಕಡೆ ಹೋದ ವರ್ಷದ ಸುಬ್ರಹ್ಮಣ್ಯ. ಓನರಮ್ಮ ಬಂದು ನೋಡಿ, "ಬೀಗರು ಬರ್ತಾರೇಂತ ನೀವೇ ಇಷ್ಟೆಲ್ಲ ಮಾಡಿದ್ದೀರಲ್ಲ," ಅಂತ ಕಣ್ಣೊರಸ್ಕೊಂಡ್ರು. ಇಡೀ ಶಿವನ ಸಂಸಾರ ಸೇರಿ ನನ್ನ ತಪ್ಪು ಮುಚ್ತಿತ್ತು.

ಉಳಿದಿದ್ದು ಒಂದೇ ಸಮಸ್ಯೆ. ಗೋಡೆ ನೋಡಬಹುದು, ಒರಗಬಾರದು. ಒರಗಿದ್ರೆ ಬೀಗರ ಬೆನ್ನು ಸುಣ್ಣ, ನಮ್ಮ ಸಾಮಾನು ಬೀದಿ.

ಉಪಾಯ ಹೇಳಿದ್ದು ಅಜ್ಜಿ. "ಗೋಡೆ ಬುಡದ ಉದ್ದಕ್ಕೂ ಅಗಲವಾಗಿ ರಂಗೋಲಿ ಹಾಕ್ರೇ. ರಂಗೋಲಿ ತುಳಿದು ಗೋಡೆಗೆ ಒರಗೋರು ಯಾರೂ ಇಲ್ಲ ಈ ಊರಲ್ಲಿ."

ಎಂಥ ತಲೆ. ಅಕ್ಕ, ಅಮ್ಮ ಸೇರಿ ವಿಜಯದಶಮಿ ಬೆಳಿಗ್ಗೆ ಜಗಲಿ ಉದ್ದಕ್ಕೂ ಕೋಟೆ ಕಂದಕದ ಥರ ರಂಗೋಲಿ ಹಾಕಿದ್ರು. ಕಂದಕದ ಈಚೆ ನಾನು ಕುರ್ಚಿ ಜೋಡಿಸ್ದೆ.

ಬೀಗರು ಬಂದ್ರು. ಹುಡುಗನ ತಂದೆ, ತಾಯಿ, ಒಂದಿಬ್ರು ಹೆಂಗಸ್ರು. ತಂದೆ ದೊಡ್ಡ ಆಳು. ಬಿಳೀ ಪಂಚೆ, ಕರೀ ಕೋಟು, ಜರಿ ಪೇಟ. ಕಿವಿ ಸ್ವಲ್ಪ ಮಂದ ಅಂತ ಬಂದ ತಕ್ಷಣ ಗೊತ್ತಾಯ್ತು. ಓನರಮ್ಮ "ಪ್ರಯಾಣ ಎಂಗಿತ್ತು ಬೀಗ್ರೆ?" ಅಂದ್ರೆ "ಊಟ ಆಮೇಲೆ ಮಾಡ್ತೀವಿ" ಅಂದ್ರು.

ಕೂತ್ಕೊಳೋ ಮುಂಚೆ ಅವರು ಜಗಲಿ ನೋಡಿದ್ರು. ಗೋಡೆ ಕಡೆ ರಂಗೋಲಿ, ಈ ಕಡೆ ಕುರ್ಚಿ, ಮಧ್ಯೆ ಓಡಾಡಕ್ಕೆ ಉಳಿದಿದ್ದು ಒಂದು ಗೇಣು. "ಇಲ್ಲಿ ನಾನು ಕೂತ್ರೆ ಓಡಾಡೋರು ರಂಗೋಲಿ ತುಳೀತಾರೆ. ಹೆಣ್ಮಕ್ಳು ಕಷ್ಟಪಟ್ಟು ಹಾಕವ್ರೆ," ಅಂದ್ರು. ಕುರ್ಚಿ ಹೆಂಗಸ್ರಿಗೆ ಬಿಟ್ಟು, ಮೂಲೇಲಿದ್ದ ಸ್ಟೂಲ್ ಎತ್ಕೊಂಡ್ರು. ಪಂಚೆ ಎತ್ತಿ, ಒಂದು ಎಳೇನೂ ಕೆಡಿಸದ ಹಾಗೆ ದೊಡ್ಡ ಹೆಜ್ಜೆ ಹಾಕಿ, ರಂಗೋಲಿ ಆಚೆ, ಗೋಡೆ ಪಕ್ಕ ಉಳಿದಿದ್ದ ಜಾಗದಲ್ಲಿ ಸ್ಟೂಲ್ ಇಟ್ಟು ಕೂತ್ರು. ಸ್ಟೂಲಿಗೆ ಬೆನ್ನಿಲ್ಲ. ಗೋಡೆ ಇತ್ತು.

"ಅಲ್ಲಿ ಬೇಡ ಸರ್, ಗೋಡೆ," ಅಂದೆ.

"ಆಂ?"

"ಗೋಡೆ ಸರ್. ಗೋಡೆ."

"ಹೌದಪ್ಪಾ, ಗೋಡೆ ಬಾಳ ಚೆನ್ನಾಗದೆ," ಅಂತ ಹಿಂದಕ್ಕೆ ಒರಗಿದ್ರು.

ಹೋಳಿಗೆ ಊಟ ಆದ ಮೇಲೂ ಅಲ್ಲೇ ಬಂದು ಕೂತು ತೂಕಡಿಸಿದ್ರು. ತೂಕಡಿಸೋರು ಸುಮ್ನೆ ಕೂರಲ್ಲ, ಎಡಕ್ಕೆ ವಾಲ್ತಾರೆ, ಬಲಕ್ಕೆ ವಾಲ್ತಾರೆ. ಎದ್ದಾಗ ಕೋಟಿನ ಹಿಂಭಾಗ ಹೆಗಲ ಹತ್ರ ಬೆಳ್ಳಗೆ, ಸೊಂಟದ ಹತ್ರ ನೀಲಿ. ಕುಂಚದಲ್ಲಿ ನಾನು ಅಷ್ಟು ನೀಟಾಗಿ ಹೊಡೆದಿರ್ಲಿಲ್ಲ.

ಹೇಳೋದು ಹೇಗೆ? ಕೊಡವೋದಾದ್ರೂ ಹೇಗೆ? ಮದುವೆ ಮನೆ ಬೀಗರ ಬೆನ್ನಿಗೆ ಬಾಡಿಗೆ ಹುಡುಗ ಟಪಟಪ ಬಾರಿಸಕ್ಕಾಗುತ್ತಾ? ಸವಾರಿ ನೋಡಕ್ಕೆ ಎಲ್ರೂ ರಸ್ತೆಗೆ ಹೊರಟಾಗ ನಾನೂ ಅಕ್ಕಾನೂ ಅವರ ಬೆನ್ನಿಗೆ ಅಂಟಿಕೊಂಡೇ ನಡೆದ್ವಿ, ಓನರಮ್ಮನಿಗೆ ಕಾಣದ ಹಾಗೆ. ಅವರು ನಿಂತ್ರೆ ನಾವು ನಿಲ್ತಿದ್ವಿ, ಅವರು ತಿರುಗಿದ್ರೆ ನಾವು ಸುತ್ತು ಹಾಕಿ ಮತ್ತೆ ಹಿಂದೆ. "ನಿಮ್ಮ ಹುಡುಗ್ರು ಎಷ್ಟು ವಿನಯ," ಅಂದ್ರು ಬೀಗಿತ್ತಿ.

ರಸ್ತೇಲಿ ಜನವೋ ಜನ. ಬ್ಯಾಂಡು, ಕುದುರೆ, ಸ್ತಬ್ಧಚಿತ್ರ, ಆಮೇಲೆ ಅಂಬಾರಿ. ಆನೆ ಬಂದಾಗ ಎಲ್ರೂ ಮೇಲೆ ನೋಡ್ತಾರಲ್ಲ, ನಾನೂ ನೋಡ್ದೆ. ಆ ಒಂದು ನಿಮಿಷ ಸಾಕಾಯ್ತು. ಆನೆ ದಾಟಿದ್ದೇ ಪೊಲೀಸ್ರು ಹಿಡಿದಿದ್ದ ಹಗ್ಗ ಸಡಿಲಾಯ್ತು, ಜನ ಕಟ್ಟೆ ಒಡೆದ ಹಾಗೆ ನುಗ್ಗಿದ್ರು. ಕೆಳಗೆ ನೋಡಿದ್ರೆ ಮುಂದೆ ಇದ್ದ ಬೆನ್ನು ಇಲ್ಲ.

"ಬೀಗರೆಲ್ಲಿ?" ಅಂದ್ರು ಓನರಮ್ಮ.

ಯಾರಿಗೂ ಗೊತ್ತಿಲ್ಲ. ಮೊಬೈಲ್ ಇಲ್ಲದ ಕಾಲ. ಅವರಿಗೆ ಮೈಸೂರು ಹೊಸದು, ಮನೆ ಅಡ್ರೆಸ್ ಗೊತ್ತಿಲ್ಲ, ಕೂಗಿದ್ರೆ ಕೇಳಲ್ಲ. ಬೀಗಿತ್ತಿ ಅಳಕ್ಕೆ ಶುರು ಮಾಡಿದ್ರು. ಓನರಮ್ಮನ ಮುಖ ನೋಡಿದೆ. ಯಾವತ್ತೂ ಗದರೋ ಮುಖ ಅದು, ಈಗ ಚಿಕ್ಕ ಹುಡುಗಿ ಥರ ಆಗೋಗಿತ್ತು. "ಬೀಗರನ್ನೇ ಕಳ್ದಾಕೊಂಡ ಮನೆ ಹೆಣ್ಣನ್ನ ಯಾರಪ್ಪಾ ತಗೋತಾರೆ?" ಅಂತ ಮೆಲ್ಲಗೆ ಅಂದ್ರು, ಯಾರಿಗೂ ಅಲ್ಲ.

ನಾನು ಪಕ್ಕದ ಕಾಂಪೌಂಡ್ ಗೋಡೆ ಹತ್ತಿದೆ. ಮೇಲಿಂದ ನೋಡಿದ್ರೆ ರಸ್ತೆ ತುಂಬ ತಲೆ. ಕರೀ ಕೋಟು, ಜರಿ ಪೇಟ ಅಂತ ಹುಡುಕಕ್ಕೆ ಹೋದ್ರೆ ದಸರಾ ದಿನ ಊರೂರಿಂದ ಬಂದ ಯಜಮಾನ್ರೆಲ್ಲ ಕರೀ ಕೋಟು, ಜರಿ ಪೇಟ. ಎಲ್ಲ ಸೇರಿ ಕಲಕಿದ ಕೆಸರಿನ ಥರ ಕಾಣ್ತಿತ್ತು. ಇದು ಕೊಲಾಯ್ಡಾಗಿರಬಾರದು, ಸಸ್ಪೆನ್ಷನ್ನೇ ಆಗಿರ್ಲಿ, ತಳಕ್ಕೆ ಕೂರ್ಲಿ ದೇವ್ರೇ ಅಂತ ಬೇಡ್ಕೊಂಡೆ. ಆಮೇಲೆ ಜನ್ಮದಲ್ಲಿ ಮೊದಲ್ನೇ ಸಲ ಮೇಷ್ಟ್ರು ಹೇಳಿದ ಹಾಗೆ ಸುಮ್ನೆ ಕೂತು ನೋಡಿದೆ. ನುಗ್ಗೋರು ನುಗ್ಗಿ ಹೋದ್ರು. ಮಕ್ಕಳನ್ನ ಹೆಗಲ ಮೇಲೆ ಹೊತ್ತೋರು ಹೋದ್ರು. ನಿಧಾನಕ್ಕೆ ನಡೆಯೋರು ಉಳಿದ್ರು.

ದೂರದಲ್ಲಿ, ಬಸ್‌ಸ್ಟ್ಯಾಂಡ್ ಕಡೆ ಹೋಗೋ ಜನದ ಮಧ್ಯೆ, ಮೇಲರ್ಧ ಬಿಳಿ ಕೆಳಗರ್ಧ ನೀಲಿ, ನಮ್ಮ ಜಗಲಿ ಗೋಡೆ ನಡ್ಕೊಂಡು ಹೋಗ್ತಿತ್ತು.

ಹಾರಿ ಓಡಿದೆ. ಅವರು ಕಡ್ಲೆಪುರಿ ಪೊಟ್ಟಣ ಹಿಡ್ಕೊಂಡು ಆರಾಮಾಗಿ ತಿಂತಾ ಹೋಗ್ತಿದ್ರು. ನನ್ನನ್ನ ನೋಡಿ, "ಎಲ್ಲೋಗ್ಬುಟ್ರಿ ಎಲ್ಲಾರೂ? ನೀವು ಕಳ್ದೋದ್ರಿ ಅಂತ ನಾನು ಊರಿಗೆ ಹೊಂಟಿದ್ದೆ," ಅಂದ್ರು.

ಕೈ ಹಿಡ್ಕೊಂಡು ವಾಪಸ್ ಕರ್ಕೊಂಡು ಬಂದೆ. ಬೀಗಿತ್ತಿ ಕಣ್ಣೊರಸ್ಕೊಂಡ್ರು. ಓನರಮ್ಮ ನನ್ನ ಎರಡೂ ಕೈ ಹಿಡ್ಕೊಂಡು, "ಇಷ್ಟು ಜನದಲ್ಲಿ ಎಂಗೆ ಗುರ್ತು ಹಿಡ್ದೆ ಮರಿ?" ಅಂದ್ರು.

ಸುಳ್ಳು ಹೇಳಬಹುದಿತ್ತು. ಆದ್ರೆ ಬೀಗರು ಅಷ್ಟೊತ್ತಿಗೆ ಕಡ್ಲೆಪುರಿ ಹಂಚಕ್ಕೆ ಹೆಂಡತಿ ಕಡೆ ತಿರುಗಿದ್ರು. ಬೆನ್ನು ಈ ಕಡೆ ಬಂತು.

ಓನರಮ್ಮ ನೋಡಿದ್ರು. ಕೋಟಿನ ಮೇಲೆ ಮೆಲ್ಲಗೆ ಒಂದು ಬೆರಳಾಡಿಸಿದ್ರು. ಬೆರಳು ನೋಡ್ಕೊಂಡ್ರು. ಆಮೇಲೆ ಮೂಸಿದ್ರು. ಬೆಳಿಗ್ಗೆ ಸಂಜೆ ಹಸುಗೆ ಅದನ್ನೇ ಇಡೋ ಕೈ ಅದು, ವಾಸನೆ ಗೊತ್ತಾಗದೇ ಇರುತ್ತಾ?

"ಕಲಗಚ್ಚು," ಅಂದ್ರು. ಬೆರಳನ್ನ ಸೆರಗಿಗೆ ಒರೆಸ್ಕೊಂಡು, "ಅದಕ್ಕೇ ನಮ್ಮ ಹಸು ನಿನ್ನೆಯಿಂದ ಜಗಲಿ ಬಿಟ್ಟು ಕದಲ್ತಾ ಇಲ್ಲ."

ನಾನು ನೆಲ ನೋಡ್ದೆ. ಅಕ್ಕ ಆಕಾಶ ನೋಡಿದಳು. ಬೀಗರಿಗೆ ಏನೋ ನಡೀತಿದೆ ಅನ್ನಿಸಿ ಕೋಟು ಬಿಚ್ಚಿ ಹಿಂದುಮುಂದು ತಿರುಗಿಸಿ ನೋಡಿದ್ರು. ಅವರು ಹೊಟ್ಟೆ ಕುಣಿಸಿ ನಗಕ್ಕೆ ಶುರು ಮಾಡಿದ್ರು.

"ಹಿಟ್ಟಿನ ಗಿರಣಿ ಇಟ್ಟೋನು ನಾನು. ಮೈಮೇಲೆ ಬೆಳ್ಳಗೆ ಬೀಳ್ದೇ ಇದ್ದ ದಿನವೇ ಇಲ್ಲ. ಇವತ್ತು ಬೀಗರ ಮನೆಗೆ ಅಂತ ಇವಳು ಈ ಕರೀ ಕೋಟು ಹಾಕ್ಸಿ, ಬೆಳಿಗ್ಗೆಯಿಂದ ಯಾರದ್ದೋ ಬಟ್ಟೆ ಹಾಕ್ಕೊಂಡಂಗಿತ್ತು. ಈಗ ಸರಿಹೋಯ್ತು." ಅಂತ ಸುಣ್ಣದ ಕೋಟನ್ನೇ ಮತ್ತೆ ಹಾಕ್ಕೊಂಡ್ರು.

ಅವರು ನಕ್ಕರು, ಸರಿ. ಓನರಮ್ಮ ನಗಲಿಲ್ಲ. ಸೀದಾ ಮನೆ ಕಡೆ ನಡೆದ್ರು.

ಮಾರನೇ ದಿನ ಬೀಗರು ಊರಿಗೆ ಹೋದ ಮೇಲೆ ಓನರಮ್ಮ ನಮ್ಮ ಬಾಗಿಲಿಗೆ ಬಂದ್ರು. ಅಪ್ಪ ಶರ್ಟ್ ಗುಂಡಿ ಹಾಕ್ಕೊಂಡು ಎದ್ದು ನಿಂತ್ರು. ಅಜ್ಜಿ ಗೊಂಬೆ ಎತ್ತಿಡೋದನ್ನ ನಿಲ್ಲಿಸಿ ಕೂತಿದ್ರು, ಕೈಲಿ ಪಟ್ಟದ ರಾಣಿ. ಹಳೇ ಸೀರೇಲಿ ಸುತ್ತಿ ಮಾಮೂಲಿ ಪೆಟ್ಟಿಗೇಲಿ ಇಡೋದೋ, ಬೇರೆ ಮನೆಗೆ ಸಾಗಿಸೋ ಹಾಗೆ ಕಟ್ಟೋದೋ ಗೊತ್ತಾಗ್ದೆ.

ಓನರಮ್ಮ ನನ್ನ ಕಡೆ ಬೆರಳು ತೋರಿಸಿದ್ರು. "ರಾಯರೇ, ಮುಂದಿನ್ ವರ್ಸ ಪೇಂಟರ್‌ಗೆ ಮೊದ್ಲೇ ಹೇಳ್ಬುಡಿ. ಇವ್ನು ಕುಂಚ ಮುಟ್ಕೂಡ್ದು. ಆ ಪೇಂಟರ್‌ಗೂ ಹೇಳಿ, ಗಂಜೀಲೇ ಹೊಡೀಬೇಕು. ಗಂಜಿ ನಾನೇ ಕೊಡ್ತೀನಿ. ಇವತ್ತಿಂದ ನಮ್ಮ ಹಸುಗೆ ಕಲಗಚ್ಚು ಇಡೋ ಕೆಲಸ ಇವಂದು." ಅಷ್ಟಂದು ಹೋದ್ರು.

ಅಪ್ಪ ಕುರ್ಚಿ ಮೇಲೆ ಕೂತೇಬುಟ್ರು. ಅಜ್ಜಿ ಮಾತ್ರ ಇನ್ನೂ ನಂಬದೇ, "ಮುಂದಿನ ವರ್ಷ ಅಂದ್ಲಲ್ವೇನೇ? ಸರಿಯಾಗಿ ಕೇಳಿಸ್ತಲ್ವಾ?" ಅಂತ ಅಕ್ಕನನ್ನ ಕೇಳಿದ್ರು.

"ಹೂಂ, ಅಂದ್ರು ಅಜ್ಜಿ."

ಅಜ್ಜಿ ಪಟ್ಟದ ರಾಣಿಯನ್ನ ಸೀರೇಲಿ ಸುತ್ತಿ, ಮಾಮೂಲಿ ಪೆಟ್ಟಿಗೇಲೇ ಇಟ್ರು.

ಸಂಜೆ ಮೊದಲ್ನೇ ಸಲ ಕಲಗಚ್ಚು ಎತ್ಕೊಂಡು ಕೊಟ್ಟಿಗೆಗೆ ಹೋದೆ. ಕೆಳಗಿಟ್ಟು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಕೂರುತ್ತೋ ಇಲ್ವೋ ಒಂದು ಸಲ ಕಣ್ಣಾರೆ ನೋಡೇಬುಡೋಣ ಅಂತ. ಮೇಲಿನ ನೀರು ಆಗತಾನೇ ತಿಳಿಯಾಗಕ್ಕೆ ಶುರುವಾಗಿತ್ತು, ಹಸು ನನ್ನನ್ನ ಪ್ರಯೋಗದ ಸಮೇತ ಪಕ್ಕಕ್ಕೆ ತಳ್ಳಿ, ಮೂತಿ ಇಟ್ಟು ತಳ ಕಾಣೋವರೆಗೂ ಕುಡೀತು. ಕುಡಿದು ಮುಗಿಸಿ, ಯಾವುದಕ್ಕೂ ಇರ್ಲಿ ಅಂತ, ನನ್ನ ಶರ್ಟನ್ನೂ ಒಂದು ಸಲ ನೆಕ್ಕಿ ನೋಡಿತು.